ಕೆನೆ ಒಡೆಯದಂತೆ ಕುಪ್ಪಳಿಸಿದ ಮಾಳವ್ವ

ಒಂದಾನೊಂದು ಊರಿನಲ್ಲಿ, ಎರಡಾನೆರಡರಲ್ಲಿ ಅಲ್ಲ, ಸರಿಯಾಗಿ ಒಂದೇ ಊರಿನಲ್ಲಿ ಒಬ್ಬ ದೊರೆ ಇದ್ದ. ಊರಿನ ಹೆಸರು ಅಡ್ಡಗೆರೆ. ದೊರೆಯ ಹೆಸರು ಬೊಮ್ಮನಾಯಕ. ಒಳ್ಳೆಯವನೇ. ಯಾರ ಮೇಲೂ ಯುದ್ಧಕ್ಕೆ ಹೋದವನಲ್ಲ. ಊಟಕ್ಕೆ ಕೂತರೆ ಪಕ್ಕದ ಎಲೆಗೆ ಮೊದಲು ಬಡಿಸಿ ಅನ್ನುವವನು. ಒಂದು ಬೆಳಿಗ್ಗೆ ಅವನು ಕನ್ನಡಿ ನೋಡಿಕೊಂಡಾಗ ಹಣೆಯ ಮೇಲೆ ಒಂದು ಗೆರೆ ಕಂಡಿತು. ಉಜ್ಜಿದ. ಹೋಗಲಿಲ್ಲ. ಸೀಗೆಪುಡಿ ಹಾಕಿ ಉಜ್ಜಿದ. ಹೋಗಲಿಲ್ಲ. ಸಾಣೆಕಲ್ಲು ತರಿಸಿ ಹಣೆಗೆ ಹಿಡಿಯುವಷ್ಟರಲ್ಲಿ ಮಂತ್ರಿ ಬಂದು ಕೈ ತಡೆದ.

ಮಂತ್ರಿ ಹೇಳಿದ್ದು ಇಷ್ಟು. ಗೆರೆ ಅನ್ನುವುದು ಕಣ್ಣುಬೇನೆ ಇದ್ದ ಹಾಗೆ, ನೋಡಿದವರಿಗೆ ಅಂಟುತ್ತದೆ. ದೊರೆಗಳು ಎಲ್ಲೋ ಒಂದು ಗೆರೆ ನೋಡಿದ್ದಾರೆ, ಅದು ಹಣೆಗೆ ಹತ್ತಿದೆ. ಇನ್ನೊಂದು ನೋಡಿದರೆ ಇನ್ನೊಂದು ಬರುತ್ತದೆ. ದೊರೆಗೆ ಹೆದರಿಕೆಯಾಯಿತು. ಅವತ್ತೇ ಡಂಗುರ ಸಾರಿಸಿದ. ಇನ್ನು ಮುಂದೆ ಈ ಊರಿನಲ್ಲಿ ಗೆರೆ ಇರಕೂಡದು, ಚುಕ್ಕಿ ಇರಬಹುದು.

ಹೆಂಗಸರು ಬೈತಲೆ ಅಳಿಸಿ ಕೂದಲನ್ನು ಹಿಂದಕ್ಕೆ ಬಾಚಿಕೊಂಡರು. ಪಟ್ಟೆ ಅಂಗಿಯವರು ಅಂಗಿ ಬಿಚ್ಚಿಟ್ಟರು. ಬೆನ್ನ ಮೇಲೆ ಗೆರೆ ಇದ್ದ ತಪ್ಪಿಗೆ ಅಳಿಲುಗಳು ಗಂಟುಮೂಟೆ ಕಟ್ಟಿಕೊಂಡು ಪಕ್ಕದೂರಿಗೆ ಹೋದವು. ಗಾಡಿ ಉರುಳಿದರೆ ದಾರಿಯ ಮೇಲೆ ಗೆರೆ ಬೀಳುತ್ತದೆ, ಹಾಗಾಗಿ ಗಾಡಿ ಬಂದ್. ಸೈಕಲ್ಲು ಉರುಳಿದರೂ ಅಷ್ಟೇ, ಅದೂ ಬಂದ್. ನಡೆದು ಹೋಗೋಣ ಅಂದರೆ ಶಾಲೆಯ ಮಾಸ್ತರರು ಒಂದು ಸಂಶಯ ಎತ್ತಿದರು. ಎರಡು ಕಾಲು ಊರಿದರೆ ಎರಡು ಚುಕ್ಕಿ. ಎರಡು ಚುಕ್ಕಿ ಇದ್ದಲ್ಲಿ ನಡುವೆ ಕಾಣದ ಗೆರೆಯೊಂದು ಇದ್ದೇ ಇರುತ್ತದೆ ಎಂದು ಪುಸ್ತಕದಲ್ಲಿದೆ. ದೊರೆ ಪುಸ್ತಕ ತರಿಸಿ ನೋಡಿದ. ಇತ್ತು. ಅವತ್ತಿನಿಂದ ಜನ ಒಂಟಿಗಾಲಲ್ಲಿ ಕುಪ್ಪಳಿಸತೊಡಗಿದರು. ಕುಪ್ಪಳಿಸಿ ನೀರು ತಂದರು, ಕುಪ್ಪಳಿಸಿ ಹೊಲಕ್ಕೆ ಹೋದರು, ಕುಪ್ಪಳಿಸುತ್ತಲೇ ಜಗಳವಾಡಿದರು. ದೊರೆ ಮಾತ್ರ ಸಿಂಹಾಸನ ಬಿಟ್ಟು ಇಳಿಯಲಿಲ್ಲ. ಕೂತವನು ಒಂದೇ ಚುಕ್ಕಿ.

ಎಲ್ಲ ಆದ ಮೇಲೆ ಅವನಿಗೆ ತಾಯಿಯ ನೆನಪಾಯಿತು. ಎಂಬತ್ತೆಂಟು ವರ್ಷದ ಮುದುಕಿ. ಮುಖದ ತುಂಬ ಗೆರೆ. ಹೆತ್ತವಳನ್ನು ಊರು ಬಿಡಿಸಲು ಮನಸ್ಸು ಬರಲಿಲ್ಲ. ಮೂಡಲ ಕೋಣೆಯಲ್ಲಿ ಒಂದು ಪರದೆ ಕಟ್ಟಿಸಿ ಅದರ ಹಿಂದೆ ಕೂರಿಸಿದ. ಅಂಗೈಯಲ್ಲಿ ಗೆರೆ ಇದೆಯೆಂದು ಆಳುಗಳನ್ನು ಮನೆಗೆ ಕಳಿಸಿದ್ದ, ಹಾಗಾಗಿ ಆಕೆಗೆ ಜೊತೆಯೂ ಇರಲಿಲ್ಲ. ತಾನಂತೂ ಆ ಕಡೆ ಹಾಯಲಿಲ್ಲ. ಹೀಗೆ ಮೂರು ತಿಂಗಳಾಯಿತು.

ಈಗ ಮಾಳವ್ವನ ವಿಷಯಕ್ಕೆ ಬರೋಣ, ಯಾಕೆಂದರೆ ಕತೆ ಅವಳದು.

ಮಾಳವ್ವ ಊರಾಚೆ ಒಂದು ಹರದಾರಿ ದೂರದಲ್ಲಿ ಎಮ್ಮೆ ಕಟ್ಟಿಕೊಂಡು ಒಬ್ಬಳೇ ಇದ್ದ ಐವತ್ತರ ಹೆಂಗಸು. ಮೊದಲೆಲ್ಲ ದಿನಾ ಬೆಳಿಗ್ಗೆ ಅಪ್ಪನ ಕಾಲದ ಸೈಕಲ್ಲಿಗೆ ಮೊಸರಿನ ಗಡಿಗೆ ಕಟ್ಟಿಕೊಂಡು ಅರಮನೆಗೆ ಹೋಗುವಳು. ದೊರೆಯ ತಾಯಿಗೆ ಹಲ್ಲಿರಲಿಲ್ಲ. ಆಕೆ ತಿನ್ನುತ್ತಿದ್ದದ್ದು ಮಾಳವ್ವನ ಮೊಸರೊಂದೇ, ಅದೂ ಮೇಲಿನ ಕೆನೆ ಒಡೆಯದ ಗಟ್ಟಿ ಮೊಸರು. ತಿನ್ನುತ್ತಾ ಹಿಂದಿನ ದಿನದ ಕನಸು ಹೇಳುವಳು. ಮಾಳವ್ವನಿಗೆ ಸ್ವಂತಕ್ಕೆ ಕನಸು ಬೀಳುತ್ತಿರಲಿಲ್ಲ. ಮುದುಕಿಯದನ್ನು ಕೇಳಿಕೊಂಡು ಬಂದರೆ ಅವಳಿಗೆ ಆ ದಿನಕ್ಕೆ ಸಾಕಾಗುತ್ತಿತ್ತು.

ಸೈಕಲ್ಲು ಬಂದ್ ಆದ ಮೇಲೂ ಮಾಳವ್ವ ಕದ್ದುಮುಚ್ಚಿ ಹುಲ್ಲಿನ ಮೇಲೆ ಸೈಕಲ್ಲು ಹೊಡೆಯುತ್ತಿದ್ದಳು. ಹುಲ್ಲಿನ ಮೇಲೆ ಗೆರೆ ನಿಲ್ಲುವುದಿಲ್ಲ. ಮೂರು ತಿಂಗಳು ನಡೆಯಿತು. ಆಮೇಲೆ ಅವಳ ಎಮ್ಮೆಯೇ ಆ ಹುಲ್ಲನ್ನೆಲ್ಲ ಮೇಯ್ದುಬಿಟ್ಟಿತು. ಒಂಟಿಗಾಲಲ್ಲಿ ಹರದಾರಿ ದಾರಿ ಗಡಿಗೆ ಹೊತ್ತು ಕುಪ್ಪಳಿಸುವುದು ಆಗದ ಮಾತು. ಅವಳು ಕಮ್ಮಾರ ಮೌನಪ್ಪನ ಹತ್ತಿರ ಹೋದಳು. ಮೌನಪ್ಪ ಸೈಕಲ್ಲಿನ ಸುತ್ತ ಮೂರು ಸಲ ಕುಪ್ಪಳಿಸಿ ಲೆಕ್ಕ ಹಾಕಿದ. ಎರಡು ಗಾಲಿ ಅಂದರೆ ಎರಡು ಚುಕ್ಕಿ, ಅದು ತಪ್ಪು. ಒಂದು ಗಾಲಿ ಅಂದರೆ ಒಂದು ಚುಕ್ಕಿ, ಅದು ಸರಿ. ಗರಗಸ ತಗೊಂಡು ಸೈಕಲ್ಲನ್ನು ನಡುವಿಗೆ ಕೊಯ್ದ. ಉಳಿದ ಒಂದು ಗಾಲಿಗೆ ಎರಡು ಪೆಡಲು, ಮೇಲೊಂದು ಸೀಟು. ಉರುಳಿಸಬಾರದು, ಕುಪ್ಪಳಿಸಬೇಕು ಅಂತ ಹೇಳಿ ಕಳಿಸಿದ.

ಮೊದಲ ದಿನ ಮಾಳವ್ವ ಹತ್ತಿ ಕುಪ್ಪಳಿಸಿದಳು. ಮೂರನೇ ನೆಗೆತಕ್ಕೆ ಕೆನೆ ಒಡೆಯಿತು. ಹುಣಸೆಮರದ ಹತ್ತಿರ ಬರುವಾಗ ಮೊಸರು ಮಜ್ಜಿಗೆಯಾಗಿತ್ತು. ಕೆರೆಯ ಹತ್ತಿರ ಬೆಣ್ಣೆ ತೇಲಿತ್ತು. ಅರಮನೆ ಮುಟ್ಟುವ ಹೊತ್ತಿಗೆ ಬಿಸಿಲೇರಿ ಗಡಿಗೆಯಲ್ಲಿ ಘಮಘಮ ತುಪ್ಪ. ಮುದುಕಿ ಪರದೆಯ ಹಿಂದಿನಿಂದ ಮೂಸಿ ನೋಡಿ, ಇದು ಮೊಸರಲ್ಲ ಅಂತ ಹೇಳಿ ಗಡಿಗೆಯನ್ನು ಮುಟ್ಟಲಿಲ್ಲ. ಎರಡನೇ ದಿನವೂ ತುಪ್ಪ. ಮೂರನೇ ದಿನವೂ ತುಪ್ಪ. ಮೂರನೇ ದಿನ ಮಾಳವ್ವ ಕನಸು ಕೇಳಿದಾಗ ಮುದುಕಿ, ಕನಸು ಬಿದ್ದಿದೆ, ಹೇಳುವಷ್ಟು ತ್ರಾಣ ಇಲ್ಲ ಅಂದಳು.

ವಾಪಸ್ಸು ಬರುವಾಗ ಮಾಳವ್ವ ದಾರಿ ಬದಿಗೆ ಕೂತುಬಿಟ್ಟಳು. ತೊಡೆ ಕಿತ್ತುಹೋಗಿದ್ದವು, ಸೊಂಟ ಎರಡು ತುಂಡಾದ ಹಾಗಿತ್ತು. ಆದರೆ ಅವಳು ಅತ್ತದ್ದು ಅದಕ್ಕಲ್ಲ. ಆಗ ಸೀಟು ಮಾತಾಡಿತು.

"ಮಾಳವ್ವ, ನೀ ನನ್ನ ಮ್ಯಾಲ ಕುಂದರೂದೇ ತಪ್ಪು."

ಸೀಟಿನ ಮೇಲೆ ಕೂರದೆ ಇನ್ನೇನು ಮಾಡುತ್ತಾರೆ ಅಂತ ಮಾಳವ್ವ ಮೂಗು ಒರೆಸಿಕೊಂಡು ಕೇಳಿದಳು. ಅದನ್ನು ಹೇಳಿಕೊಡುತ್ತೇನೆ, ಆದರೆ ಪುಕ್ಕಟೆ ಅಲ್ಲ ಅಂದಿತು ಸೀಟು. "ಹುಟ್ಟಿದಾಗಿಂದ ಎಲ್ಲಾರೂ ನನ್ನ ಮ್ಯಾಲ ಕುಂತಾರ. ಒಂದು ಪಾಠಕ್ಕ ಒಂದು ತಾಸು ನಾ ನಿನ್ನ ತೊಡಿ ಮ್ಯಾಲ ಕುಂದರಬೇಕು."

ಕಿತ್ತುಹೋದ ತೊಡೆಯ ಮೇಲೆ ಕಬ್ಬಿಣ ಕೂರಿಸಿಕೊಳ್ಳುವುದು ಯಾರಿಗೆ ಬೇಕು. ಆದರೂ ಮಾಳವ್ವ ಒಪ್ಪಿದಳು. ಮನೆಯಲ್ಲಿದ್ದ ಹಳೆಯ ಕೌದಿಯನ್ನು ಮಡಿಸಿ ತೊಡೆಯ ಮೇಲೆ ಹಾಸಿಕೊಂಡಳು. ಸೀಟು ಒಂದು ತಾಸು ಕೂತಿತು. ಕೌದಿ ಬಹಳ ಹಿತವಾಗಿದೆ ಅಂದಿತು. ಮಾಳವ್ವ ಆಮೇಲೆ ಅದೇ ಕೌದಿಯ ತುಂಡನ್ನು ಸೀಟಿಗೆ ಹೊಲಿದಳು. ಅವಳಿಗೂ ಹಿತವಾಯಿತು.

ಮೊದಲ ಪಾಠ, ನಿಲ್ಲುವುದು. ಕುಪ್ಪಳಿಸುವಾಗ ಭಾರವೆಲ್ಲ ಪೆಡಲಿನ ಮೇಲೆ ಇರಬೇಕು. ಒಂದು ಕೈಯಿಂದ ಸೀಟಿನ ಮೂತಿ ಹಿಡಿದು ಮೇಲಕ್ಕೆ ಎಳೆದುಕೊಳ್ಳಬೇಕು. ನೀನು ಮೇಲೆ ಹೋದರೆ ನಾನು ಬರುತ್ತೇನೆ, ನಾನು ಬಂದರೆ ಗಾಲಿ ಬರುತ್ತದೆ, ಅದಕ್ಕೆ ಬೇರೆ ದಾರಿ ಇಲ್ಲ ಅಂದಿತು ಸೀಟು. ನಾಲ್ಕನೇ ದಿನ ಕೆನೆ ಹುಣಸೆಮರದವರೆಗೆ ತಡೆಯಿತು.

ಎರಡನೆಯದು ಪೆಡಲುಗಳ ಪಂಚಾಯ್ತಿ. ಎಡದ ಪೆಡಲಿಗೆ ತಾನು ಮೇಲಿರಬೇಕು. ಬಲದ್ದಕ್ಕೂ ತಾನೇ ಮೇಲಿರಬೇಕು. ಇಬ್ಬರ ಗುದ್ದಾಟದಲ್ಲಿ ಗಾಲಿ ತಿರುಗಿ ಮಾಳವ್ವ ಮುಗ್ಗರಿಸುವಳು. ಮಾಳವ್ವ ಇಬ್ಬರನ್ನೂ ಒಂದೇ ಮಟ್ಟಕ್ಕೆ ತಂದು ನಿಲ್ಲಿಸಿ, ಒಬ್ಬನು ಮುಂದೆ, ಒಬ್ಬನು ಹಿಂದೆ, ಮೇಲೆ ಯಾರೂ ಇಲ್ಲ ಅಂತ ಹೇಳಿದಳು. ಪೆಡಲುಗಳು ಮುಖ ಊದಿಸಿಕೊಂಡವು, ಆದರೆ ಅಲ್ಲೇ ನಿಂತವು. ಐದನೇ ದಿನ ಕೆನೆ ಕೆರೆಯವರೆಗೆ ಬಂತು.

ಮೂರನೆಯದು ಟೈರು. ಅದು ಕಲ್ಲಿನ ಹಾಗೆ ಬಿಗಿದುಕೊಂಡಿತ್ತು. ನೆಲಕ್ಕೆ ಬಿದ್ದ ಪೆಟ್ಟನ್ನೆಲ್ಲ ಹಾಗೇ ಗಡಿಗೆಗೆ ದಾಟಿಸುತ್ತಿತ್ತು. ಇಷ್ಟು ಗಾಳಿ ಯಾಕೆ ಇಟ್ಟುಕೊಂಡಿದ್ದೀಯ ಅಂತ ಮಾಳವ್ವ ಕೇಳಿದಳು. ಯಾರಾದರೂ ಬಂದು ಒತ್ತಿದರೆ ಏನು ಮಾಡಲಿ ಅಂತ ಭಯ ಅಂದಿತು ಟೈರು. ಮಾಳವ್ವ ಅದರ ಬೆನ್ನು ಸವರುತ್ತಾ, ಹೆಬ್ಬೆರಳು ಒತ್ತಿದರೆ ತುಸು ತಗ್ಗುವಷ್ಟು ಗಾಳಿ ಬಿಟ್ಟಳು. ಸೀಟನ್ನೂ ಎರಡು ಬೆರಳು ಕೆಳಗೆ ಇಳಿಸಿದಳು. ಆರನೇ ದಿನ ಕೆನೆ ಅರಮನೆಯ ಮೆಟ್ಟಿಲ ಹತ್ತಿರ ಒಡೆಯಿತು.

ಪ್ರತಿದಿನ ಮುದುಕಿ, ಇವತ್ತು ಎಲ್ಲಿ ಒಡೆಯಿತು ಅಂತ ಕೇಳುವಳು. ಹುಣಸೆಮರ ಅಂದರೆ, ಹೌದಾ ಅನ್ನುವಳು. ಕೆರೆ ಅಂದರೆ, ಪರವಾಗಿಲ್ಲ ಅನ್ನುವಳು. ಮೆಟ್ಟಿಲು ಅಂದ ದಿನ ಪರದೆಯನ್ನು ಒಳಗಿನಿಂದ ಒಂದು ಸಲ ಬೆರಳಿನಿಂದ ತಟ್ಟಿದಳು, ಅಷ್ಟೇ.

ಏಳನೇ ದಿನ ಮಾಳವ್ವ ಅರಮನೆಗೆ ಹೋಗಲಿಲ್ಲ. ಅಂಗಳದಲ್ಲೇ ಬೆಳಗಿನಿಂದ ಸಂಜೆಯವರೆಗೆ ಕುಪ್ಪಳಿಸಿದಳು. ತೆಂಗಿನಕಾಯಿಯಷ್ಟು ಎತ್ತರ ನೆಗೆಯಬೇಡ, ನಿಂಬೆಹಣ್ಣಿನಷ್ಟು ಸಾಕು ಅಂದಿತು ಸೀಟು. ಇಳಿಯುವಾಗ ಮೊಣಕಾಲು ಮಡಿಸು. ಹೆಗಲು ಬಿಡು. ಉಸಿರು ಹಿಡಿಯಬೇಡ, ನೆಲ ಮುಟ್ಟಿದಾಗ ಹೊರಗೆ ಬಿಡು. ಮೊಣಕಾಲುಗಳು ಮೊದಮೊದಲು ಕೀಲೆಣ್ಣೆ ಕಾಣದ ಬಾಗಿಲಿನ ಹಾಗೆ ಗೊಣಗಿದವು. ಸಂಜೆಗೆ ಸುಮ್ಮನಾದವು. ಕೊನೆಯಲ್ಲಿ ಸೀಟು ಹೇಳಿದ್ದು ಇದು. "ಗಾಲಿ ನೋಡಬ್ಯಾಡ. ಅದು ಎಲ್ಲಿಗೂ ಹೋಗೂದಿಲ್ಲ, ನಿನ್ನ ಕೆಳಗೇ ಇರತೈತಿ. ನೀ ಹೋಗೂದು ಎಲ್ಲಿಗೆ, ಅದನ್ನ ನೋಡು."

ಎಂಟನೇ ದಿನ ಮಾಳವ್ವ ಒಂದು ಕೈಯಲ್ಲಿ ಸೀಟು, ಒಂದು ಕೈಯಲ್ಲಿ ಸೊಂಟಕ್ಕೊರಗಿಸಿದ ಗಡಿಗೆ ಹಿಡಿದು ಹೊರಟಳು. ಕಣ್ಣನ್ನು ಅರಮನೆಯ ಮೂಡಲ ಕಿಟಕಿಗೆ ನೆಟ್ಟಳು. ಟುಪ್, ಟುಪ್, ಟುಪ್. ಹುಣಸೆಮರ ದಾಟಿತು. ಕೆರೆ ದಾಟಿತು. ಮೆಟ್ಟಿಲು ಒಂದೊಂದಾಗಿ ದಾಟಿದವು. ಬಾಗಿಲಲ್ಲಿ ಮಾಳವ್ವ ಗಡಿಗೆಯೊಳಗೆ ಇಣುಕಿದಳು. ಕೆನೆ ಹೆಪ್ಪು ಹಾಕಿದಾಗ ಹೇಗಿತ್ತೋ ಹಾಗೇ ಇತ್ತು.

ಪರದೆಯ ಮುಂದೆ ಬಂದ ಮೇಲೆ ಮಾಳವ್ವನಿಗೆ ಇನ್ನೊಂದು ಕಷ್ಟ ತಿಳಿಯಿತು. ಮುದುಕಿಗೆ ಕೈ ಎತ್ತುವ ಶಕ್ತಿ ಇರಲಿಲ್ಲ. ಮಾಳವ್ವ ಇಳಿಯುವಂತಿರಲಿಲ್ಲ. ಒಂಟಿಗಾಲಲ್ಲಿ ಇಳಿದರೆ ಗಡಿಗೆ ತುಳುಕಿ ಕೆನೆ ಒಡೆಯುತ್ತದೆ, ಎರಡೂ ಪಾದ ಊರಿದರೆ ಎರಡು ಚುಕ್ಕಿ. ಸುಮ್ಮನೆ ನಿಂತರೆ ಒಂಟಿಗಾಲಿ ನಿಲ್ಲುವುದಿಲ್ಲ, ಬೀಳುತ್ತದೆ. ಹಾಗಾಗಿ ನಿಂತಲ್ಲೇ ಕುಪ್ಪಳಿಸುತ್ತಿರಬೇಕು. ಎರಡು ಕೈಗೂ ಕೆಲಸ. ಉಣಿಸಲು ಮೂರನೇ ಕೈ ಬೇಕು. ಇಡೀ ಅರಮನೆಯಲ್ಲಿ ಕೆಲಸವಿಲ್ಲದ ಕೈ ಇದ್ದದ್ದು ಒಬ್ಬನದೇ. ಅವಳು ಟುಪ್ ಟುಪ್ ಅಂತ ಸಿಂಹಾಸನದ ಮುಂದೆ ಹೋದಳು.

"ದೊರಿಗಳ, ನಿಮ್ಮದೊಂದು ಕೈ ಬೇಕಾಗೇತಿ."

ದೊರೆ ವಿಷಯ ಕೇಳಿ ಸಿಂಹಾಸನದಲ್ಲಿ ಇನ್ನೂ ಹಿಂದಕ್ಕೆ ಸರಿದ. ಆಮೇಲೆ ತಗ್ಗಿದ ದನಿಯಲ್ಲಿ, ಅವ್ವನ ಮುಖ ನೋಡಿದರೆ ಅಷ್ಟೂ ಗೆರೆ ನನಗೆ ಹತ್ತುತ್ತದೆ ಮಾಳವ್ವ, ನಾನು ಮುದುಕನಾಗಿಬಿಡುತ್ತೇನೆ ಅಂದ. ಮಾಳವ್ವನಿಗೆ ಟೈರಿನ ನೆನಪಾಗಿ ಪಾಪ ಅನ್ನಿಸಿತು. ಕಣ್ಣು ಮುಚ್ಚಿಕೊಳ್ಳಿ, ಬೇಕಾಗಿರುವುದು ಕೈ ಮಾತ್ರ ಅಂದಳು. ದೊರೆ ಕಣ್ಣು ಮುಚ್ಚಿ ಇಳಿದ. ಮೂರು ತಿಂಗಳಿಂದ ಕೂತವನಿಗೆ ಒಂಟಿಗಾಲಲ್ಲಿ ಕುಪ್ಪಳಿಸಿ ಗೊತ್ತಿರಲಿಲ್ಲ. ಎರಡು ಸಲ ಬಿದ್ದ. ಮಾಳವ್ವ ಪಕ್ಕದಲ್ಲಿ ಕುಪ್ಪಳಿಸುತ್ತಾ, ಸಣ್ಣದಾಗಿ ನೆಗೆಯಿರಿ, ಮೊಣಕಾಲು ಮಡಿಸಿ, ಉಸಿರು ಬಿಡಿ ಅಂತ ಹೇಳಿಕೊಟ್ಟಳು. ಹಾಗೇ ಇಬ್ಬರೂ ಮೂಡಲ ಕೋಣೆ ಸೇರಿದರು.

ದೊರೆ ಪರದೆ ಸರಿಸಿ ಕೂತ. ಗಡಿಗೆಯಿಂದ ಮೊದಲ ತುತ್ತು ತೆಗೆದು ತಾಯಿಯ ಕಿವಿಗೆ ಉಣಿಸಿದ. ಎರಡನೆಯದನ್ನು ಮೂಗಿಗೆ.

"ತಮ್ಮಾ," ಅಂದಳು ಮುದುಕಿ, "ಬಾಯಿ ಇನ್ನಾ ಕೆಳಗೈತಿ."

ದೊರೆ ಕಣ್ಣು ತೆರೆದ. ಮೂಗಿನ ತುದಿಯಲ್ಲಿ ಮೊಸರು ಮೆತ್ತಿಕೊಂಡು ಅವ್ವ ಕೂತಿದ್ದಳು. ಬಹಳ ಸೊರಗಿದ್ದಳು. ದೊರೆ ಗೆರೆ ನೋಡುವುದನ್ನೇ ಮರೆತ. ಮೂಗು ಒರೆಸಿ, ಮೂರನೇ ತುತ್ತನ್ನು ಬಾಯಿಗೆ ಇಟ್ಟ. ಆಕೆ ನುಂಗಿದಳು. ಇನ್ನೊಂದು ಇಟ್ಟ. ಅದನ್ನೂ ನುಂಗಿದಳು. ಮುದುಕರ ಊಟ ನಿಧಾನ. ಮಾಳವ್ವ ಗಡಿಗೆ ಚಾಚಿ ಹಿಡಿದು ಕುಪ್ಪಳಿಸುತ್ತಲೇ ಇದ್ದಳು. ತೊಡೆ ಉರಿಯಿತು, ಮೊಣಕಾಲು ನಡುಗಿತು. ಅವಳು ನೆಗೆತವನ್ನು ನಿಂಬೆಹಣ್ಣಿನಿಂದ ನೆಲ್ಲಿಕಾಯಿಗೆ ಇಳಿಸಿದಳು, ನೆಲ್ಲಿಕಾಯಿಯಿಂದ ಕಡಲೆಕಾಳಿಗೆ ಇಳಿಸಿದಳು. ಎಂಬತ್ತು ತುತ್ತು ಮುಗಿಯುವವರೆಗೆ ಉಳಿದ ಮೊಸರು ಅಲುಗಲಿಲ್ಲ.

ಹೊಟ್ಟೆ ತುಂಬಿದ ಮೇಲೆ ಮುದುಕಿಗೆ ಕೈ ಎತ್ತಲು ಬಂತು. ಮಗನ ಹಣೆಯ ಗೆರೆಯ ಮೇಲೆ ಹೆಬ್ಬೆರಳು ಇಟ್ಟಳು.

"ನೋಯ್ತದೇನು?"

"ಇಲ್ಲಬೇ."

"ಹಂಗಾದ್ರ ಇರ್ಲಿ ಬಿಡು."

ದೊರೆ ತಲೆಯಾಡಿಸಿದ. ಆಮೇಲೆ ಮಾಳವ್ವನ ಕಡೆ ತಿರುಗಿ, ಇಳಿದು ಕೂತುಕೋ ಅಂದ. ಮಾಳವ್ವ ಇಳಿದಳು. ಎರಡು ಪಾದ ನೆಲಕ್ಕೆ ಮುಟ್ಟಿದವು. ಎರಡರ ನಡುವೆ ಏನಿದೆ ಅಂತ ದೊರೆ ಬಗ್ಗಿ ನೋಡಿದ. ಒಂದು ಇರುವೆ ಇತ್ತು. ಅದು ಅದರ ಪಾಡಿಗೆ ಹೋಯಿತು. ಮಧ್ಯಾಹ್ನದ ಹೊತ್ತಿಗೆ ಡಂಗುರದವನು ಎರಡೂ ಕಾಲಲ್ಲಿ ನಡೆಯುತ್ತಾ, ಎಲ್ಲರೂ ಹೇಗೆ ಬೇಕೋ ಹಾಗೆ ಓಡಾಡಬಹುದು ಅಂತ ಸಾರಿಕೊಂಡು ಹೋದ.

ಮುದುಕಿ ಹೇಳದೆ ಉಳಿಸಿಕೊಂಡಿದ್ದ ಕನಸುಗಳನ್ನೆಲ್ಲ ಅವತ್ತೇ ಹೇಳಲು ಕೂತಳು. ಮಾಳವ್ವ ಗೋಡೆಗೆ ಒರಗಿ ಕಾಲು ಚಾಚಿದಳು. ದೊರೆ ನೆಲದ ಮೇಲೆಯೇ ಕೂತಿದ್ದ. ನಾಲ್ಕನೇ ಕನಸಿಗೆ ಅವನು, ಆಮೇಲೆ ಏನಾಯಿತು ಅಂತ ಕೇಳಿದ.

ಮೊಸರು ಮುಗಿಯಿತು, ಗಡಿಗೆ ಬರಿದಾಯಿತು, ಕತೆಯೂ ತಳ ಮುಟ್ಟಿತು. ನೀತಿ ಬೇಕು ಅನ್ನುವವರಿಗೆ ಇಷ್ಟು. ಒಂದು ಗಾಲಿಯ ಮೇಲೆ ಮೊಸರು ಒಯ್ಯುವಾಗ ಮೊಣಕಾಲು ಮಡಿಸಿ. ಮಡಿಸಲಾರದವರು ತುಪ್ಪ ತಿನ್ನಿ.