ದರ್ಜಿಯ ನಿಷಾದ

“ಗುರುಗಳೇ, ಕೀರವಾಣಿಯ ನಿಷಾದ ಕೈಗೆ ಕೂರುವವರೆಗೆ ಊರಿಗೆ ಹೋಗುವುದಿಲ್ಲ ಅಂತ ತೀರ್ಮಾನ ಮಾಡಿಕೊಂಡಿದ್ದೀನಿ. ಇದು ಸರಿಯೇ, ತಪ್ಪೇ?” ಎಂದು ವೀರಭದ್ರ ಕೇಳಿದ.

ಅವನು ಗುರುಗಳ ಮನೆಯಲ್ಲೇ ಇದ್ದು ಮ್ಯಾಂಡೊಲಿನ್ ಕಲಿಯುತ್ತಿದ್ದ. ಅವನನ್ನು ಸಾಕಿ ಬೆಳೆಸಿದವಳು ಅಕ್ಕ. ಅವಳಿಗೆ ಮೈ ಸರಿಯಿಲ್ಲ, ಒಂದು ಸಲ ಬಂದು ಹೋಗಬೇಕಂತೆ ಎಂದು ಊರಿನಿಂದ ಬಂದವರು ಆಗಲೇ ಹೇಳಿ ಹೋಗಿದ್ದರು. ಈಗ ಹೋದರೆ ಅಭ್ಯಾಸ ಕೆಡುತ್ತದೆ, ರಾಗವನ್ನು ಪೂರ್ತಿ ಕಲಿತು ಅಕ್ಕನ ಮುಂದೆ ಕೂತು ನುಡಿಸುತ್ತೇನೆ ಎಂಬುದು ಅವನ ಎಣಿಕೆ.

ಗುರುಗಳು ಹಳೆಯ ತಂತಿ ಸುತ್ತುತ್ತಿದ್ದರು. “ಸರಿಯೋ ತಪ್ಪೋ ಹೇಳೋದಕ್ಕೆ ನಾನೇನು ಪಂಚಾಯ್ತಿ ಮಾಡೋನೇ? ಒಂದು ಕತೆ ಹೇಳ್ತೀನಿ. ಮಧ್ಯೆ ಬಾಯಿ ಹಾಕಬೇಡ” ಎಂದು ಶುರುಮಾಡಿದರು.

ಒಬ್ಬ ದರ್ಜಿ ಇದ್ದ. ಹಗಲೆಲ್ಲ ಮಿಷಿನ್ ತುಳಿಯುತ್ತಿದ್ದ, ಸಂಜೆ ಮ್ಯಾಂಡೊಲಿನ್ ಹಿಡಿಯುತ್ತಿದ್ದ. ನಡುವಯಸ್ಸಿನಲ್ಲಿ ಹತ್ತಿದ ಹುಚ್ಚು. ಅದು ಅಷ್ಟು ಸುಲಭಕ್ಕೆ ಬಿಡುವಂಥದ್ದಲ್ಲ.

ಅವನ ಗುರು ಅವನಿಗೆ ಕೀರವಾಣಿ ಹೇಳಿಕೊಟ್ಟರು. ಆ ರಾಗದ ಕಷ್ಟ ನಿನಗೂ ಗೊತ್ತು. ಧೈವತ ತಗ್ಗಿನಲ್ಲಿ ಕೂತಿದೆ. ನಿಷಾದ ಮೇಲಕ್ಕೆ ಸರಿದು ಷಡ್ಜದ ಬಾಗಿಲಿಗೇ ಹೋಗಿ ನಿಂತಿದೆ. ವಾದ್ಯದ ಕತ್ತಿನ ಮೇಲೆ ಅವೆರಡರ ನಡುವೆ ಎರಡು ಮೆಟ್ಟಿಲು ಖಾಲಿ. ದರ್ಜಿಯ ಕಿರುಬೆರಳು ಅಷ್ಟು ದೂರ ಹಾರಲಾರದೆ ಒಂದು ಮೆಟ್ಟಿಲು ಹಿಂದೆಯೇ ಬೀಳುತ್ತಿತ್ತು, ರಾಗ ಬೇರೆಯೇ ಆಗಿಬಿಡುತ್ತಿತ್ತು. ಅಪ್ಪಿತಪ್ಪಿ ಸರಿಯಾದ ಕಡೆ ಬಿದ್ದ ದಿನ ಜೋಡಿ ತಂತಿಯಲ್ಲಿ ಒಂದು ನುಡಿದರೆ ಇನ್ನೊಂದು ಗೊರಗೊರ ಎನ್ನುತ್ತಿತ್ತು.

ಗುರು ಒಂದು ಕಟ್ಟಳೆ ಮಾಡಿದರು. ನಿಷಾದ ಪಕ್ವವಾಗುವವರೆಗೆ ಮೇಲಿನ ಸ ಮುಟ್ಟಕೂಡದು. ಮುಂದೆ ಸ ಇದೆ ಎಂದು ಗೊತ್ತಾದರೆ ಬೆರಳು ನಿ ಮೇಲೆ ನಿಲ್ಲುವುದಿಲ್ಲ, ಓಡಿಬಿಡುತ್ತದೆ. ಆದ್ದರಿಂದ ಸ ರಿ ಗ ಮ ಪ ಧ ನಿ, ಅಷ್ಟೇ. ನಾದ ತಾನಾಗಿ ಆರುವವರೆಗೆ ಕೇಳುವುದು, ಮತ್ತೆ ಕೆಳಗಿನಿಂದ ಹಿಡಿಯುವುದು. ಕಟ್ಟಳೆಯಲ್ಲಿ ತಪ್ಪಿರಲಿಲ್ಲ. ದರ್ಜಿ ಅದನ್ನು ಚಾಚೂ ತಪ್ಪದೆ ಪಾಲಿಸಿದ.

ಅವನ ಹೆಂಡತಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಕಾಜ ಹೊಲಿದು ಗುಂಡಿ ಹಾಕುತ್ತಿದ್ದಳು. ಸಂಗೀತ ಕಲಿತವಳಲ್ಲ, ಕಿವಿ ಮಾತ್ರ ಚೆನ್ನಾಗಿತ್ತು. ಆ ವರ್ಷ ಅವಳಿಗೆ ಕೆಮ್ಮು ಹಿಡಿಯಿತು. ಮೊದಲು ಕೂತು ಕೆಮ್ಮಿದಳು, ಆಮೇಲೆ ಮಲಗಿ ಕೆಮ್ಮಿದಳು. ಬಹಳ ದಿನ ಇಲ್ಲವೆಂದು ಡಾಕ್ಟರು ಹೇಳಿದರು. ಅದು ಅವಳಿಗೂ ತಿಳಿಯಿತು. ಪಕ್ಕದ ಮನೆಯ ಸೀತಕ್ಕ ಬಂದು ಗಂಜಿ ಕುಡಿಸಿ, ಪಕ್ಕದಲ್ಲಿ ಕೂತು ಹೋಗುತ್ತಿದ್ದಳು. ದರ್ಜಿ ಔಷಧಿಗೇನೂ ಕಡಿಮೆ ಮಾಡಲಿಲ್ಲ. ಕೆಟ್ಟವನಲ್ಲ, ಪಾಪ. ಸಂಜೆಯಾದರೆ ಮಾತ್ರ ಕೋಣೆಯ ಬಾಗಿಲಿಗೆ ಬೆನ್ನು ಹಾಕಿ ಮ್ಯಾಂಡೊಲಿನ್ ಹಿಡಿದು ಕೂರುತ್ತಿದ್ದ.

ಒಂದು ಸಂಜೆ ಅವಳು ಅವನನ್ನು ಒಳಗೆ ಕರೆದಳು.

“ನೀವು ಅಲ್ಲಿ ನಿಲ್ಲಿಸಿಬಿಟ್ಟರೆ ಯಾರೋ ಕರೀತಾ ಇದ್ದಾರೆ, ನಾವು ಓ ಅನ್ನದೆ ಕೂತಿದ್ದೀವಿ ಅನ್ನಿಸತ್ತೆ ಕಣ್ರೀ. ಒಂದೇ ಒಂದು ಸಲ ಮೇಲಿನ ಸ ನುಡಿಸಿ. ಅದನ್ನು ಕೇಳಿ ಕಣ್ಣು ಮುಚ್ತೀನಿ.”

“ಇನ್ನೂ ಪಕ್ವ ಆಗಿಲ್ಲ ಕಣೇ. ಈಗ ಗುರುಗಳ ಮಾತು ಮೀರಿದರೆ ಇಷ್ಟು ದಿನ ಮಾಡಿದ್ದೆಲ್ಲ ದಂಡ. ಸ್ವಲ್ಪ ತಡಿ, ನಿನಗೇ ಮೊದಲು ಕೇಳಿಸ್ತೀನಿ.”

ಅವಳು ಹೂಂ ಎಂದಳು. ಮತ್ತೆ ಕೇಳಲಿಲ್ಲ. ಒಪ್ಪಿಕೊಂಡಳು ಎಂದು ಅವನಿಗೆ ಸಮಾಧಾನವಾಯಿತು. ಎಂಥ ದಡ್ಡ ನೋಡು.

ಅಲ್ಲಿಂದ ಮುಂದೆ ಅಭ್ಯಾಸ ಹಗುರವಾಯಿತು. ನಿ ಮೇಲೆ ನಿಂತಾಗ ಮೊದಲಿನ ತಳಮಳ ಇರಲಿಲ್ಲ. ನಾದ ಆರುವ ಹೊತ್ತಿಗೆ ಎಲ್ಲೋ ಒಂದು ನೆಲೆ ಮುಟ್ಟಿದ ಹಾಗಾಗುತ್ತಿತ್ತು. ಬೆರಳು ಪಳಗುತ್ತಿದೆ ಎಂದುಕೊಂಡ. ಬೆರಳೂ ಪಳಗಿತು, ಇಲ್ಲವೆನ್ನುವುದಿಲ್ಲ.

ಆಷಾಢ ಕಳೆಯುವ ಮೊದಲೇ ಅವಳು ತೀರಿಕೊಂಡಳು. ಅವನು ಅಂಗಡಿಯಲ್ಲಿ ಯಾರದೋ ಕೋಟಿಗೆ ಅಸ್ತರು ಹಾಕುತ್ತಿದ್ದ. ಸೀತಕ್ಕ ಬಂದು ಹೇಳಿದಳು.

ತಿಥಿ ಮುಗಿದ ಮೇಲೆ ವಾದ್ಯ ಹಿಡಿದ. ಸ ರಿ ಗ ಮ ಪ ಧ ನಿ. ನಿಷಾದ ಕೂದಲೆಳೆಯಷ್ಟೂ ತಪ್ಪದೆ ಬಿತ್ತು. ಎರಡು ತಂತಿಗಳೂ ಒಂದಾಗಿ ನುಡಿದವು. ಆದರೆ ನಾದ ಆರಿದ ಮೇಲೆ ಎಲ್ಲ ಹಾಗೇ ನೇತಾಡುತ್ತ ಉಳಿಯಿತು. ಅವನಿಗೆ ಕೂರಲಾಗಲಿಲ್ಲ. ಶ್ರುತಿ ಇಳಿದಿದೆ ಎಂದು ಬಿರಡೆ ತಿರುಗಿಸಿದ. ತಂತಿ ಹಳತಾಗಿದೆ ಎಂದು ಹೊಸದು ಕಟ್ಟಿದ. ಅದೂ ಹಾಗೇ. ಕೊನೆಗೆ ವಾದ್ಯವನ್ನು ಗುರುವಿನ ಹತ್ತಿರ ಒಯ್ದ. ಅವರು ಅವನಿಂದ ನುಡಿಸಿ ಕೇಳಿದರು. ವಾದ್ಯದಲ್ಲಿ ಐಬಿಲ್ಲ, ನಿನ್ನ ನಿಷಾದ ಪಕ್ವವಾಗಿದೆ, ಇನ್ನು ಮೇಲಿನ ಸ ಹಿಡಿ ಎಂದು ಬೆನ್ನು ತಟ್ಟಿ ಕಳಿಸಿದರು.

ಮನೆಗೆ ಬಂದಾಗ ಸೀತಕ್ಕ ತನ್ನ ಗಂಜಿಯ ಪಾತ್ರೆ ಕೇಳಲು ಬಂದಿದ್ದಳು. ಗುರುಗಳು ಏನೇ ಅನ್ನಲಿ, ವಾದ್ಯ ಮೊದಲಿನ ಹಾಗಿಲ್ಲ, ಏನೋ ಕೆಟ್ಟಿದೆ ಎಂದು ಅವಳ ಮುಂದೆಯೂ ಗೊಣಗಿದ. ಅವಳು ಅವನ ಮುಖವನ್ನೇ ನೋಡಿದಳು.

“ನಿಮಗೆ ಗೊತ್ತೇ ಇರಲಿಲ್ಲವಾ? ನೀವು ನಿಲ್ಲಿಸಿದಾಗಲೆಲ್ಲ ಅವಳು ಒಳಗಿನಿಂದ ಸಾ ಅಂತಿದ್ದಳು. ಕೊನೆಕೊನೆಗೆ ಉಸಿರಿರಲಿಲ್ಲ, ಬರೀ ತುಟಿ ಆಡಿಸೋಳು. ಆದರೂ ಒಂದು ಸಲಾನೂ ಬಿಡಲಿಲ್ಲ.”

ದರ್ಜಿ ಪಾತ್ರೆ ಹುಡುಕಿ ಕೊಟ್ಟ. ಅವಳು ಹೋದ ಮೇಲೆ ವಾದ್ಯ ತೊಡೆಯ ಮೇಲಿಟ್ಟುಕೊಂಡು ನಿ ವರೆಗೆ ಹೋದ. ಸ ಪಕ್ಕದ ಮೆಟ್ಟಿಲಿನಲ್ಲೇ ಇತ್ತು. ಹಾರಬೇಕಾಗಿಯೂ ಇರಲಿಲ್ಲ, ಬೆರಳು ಜರುಗಿಸಿದರೆ ಸಾಕು. ಗುರುವಿನ ಅಪ್ಪಣೆಯೂ ಆಗಿತ್ತು. ಬೆರಳು ಜರುಗಲಿಲ್ಲ. ಅಳುವೂ ಬರಲಿಲ್ಲ. ಅವಳು ಮಲಗುತ್ತಿದ್ದ ಮೂಲೆಯ ಕಡೆಗೆ ತಿರುಗಿ ಬಹಳ ಹೊತ್ತು ಕೂತಿದ್ದ. ಆಮೇಲೆ ಉಳಿದ ಅಸ್ತರಿನ ಬಟ್ಟೆಯಲ್ಲಿ ವಾದ್ಯವನ್ನು ಸುತ್ತಿ ಅಟ್ಟದ ಮೇಲಿಟ್ಟ. ಮುಂದೆ ಎಷ್ಟೋ ವರ್ಷ ಬದುಕಿದ, ಊರವರ ಬಟ್ಟೆ ಹೊಲಿದ. ಅದನ್ನು ಮತ್ತೆ ಕೆಳಗಿಳಿಸಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.  ವೀರಭದ್ರ ಕೇಳಿದ್ದು ಬೆರಳಿನ ವಿಷಯವನ್ನೇ. ಆ ದರ್ಜಿ ಅಷ್ಟು ದೂರ ಹೇಗೆ ದಾಟಿದ, ಕಿರುಬೆರಳನ್ನು ಯಾವ ರೀತಿ ಪಳಗಿಸಿದ ಎಂದು ವಿಚಾರಿಸಿದ.

ಗುರುಗಳು ಸುತ್ತಿದ ತಂತಿಯನ್ನು ಕೆಳಗಿಟ್ಟರು.

“ನಿಮ್ಮಕ್ಕ ಈಗ ಕರೆದರೆ ಅಲ್ಲಿ ಓ ಅನ್ನುವವರು ಯಾರಿದ್ದಾರೆ?”