ಮೊಲದ ಮೂಗಿಗೇಕೆ ಬಿಡುವಿಲ್ಲ

ಲೋಕ ಇನ್ನೂ ಹಸಿ ಹಸಿಯಾಗಿದ್ದ ಕಾಲ ಅದು. ಬೆಟ್ಟಕ್ಕೆ ಬೆರಳು ಒತ್ತಿದರೆ ಗುಳಿ ಬೀಳುತ್ತಿತ್ತು. ಬಂಡೆಯ ಮೇಲೆ ಗುಬ್ಬಿ ಕೂತು ಎದ್ದರೆ ಅದರ ಕಾಲಿನ ಗುರುತು ಹಾಗೇ ಉಳಿದುಬಿಡುತ್ತಿತ್ತು. ಪ್ರಾಣಿಗಳೂ ಅಷ್ಟೇ, ಆಗತಾನೇ ಒಲೆಯಿಂದ ಇಳಿದ ಮುದ್ದೆಯ ಹಾಗೆ ಮೆತ್ತಗಿದ್ದವು. ಅದಕ್ಕೇ ಆಗ ಯಾರನ್ನು ಮುಟ್ಟಿದರೂ ಹುಷಾರಾಗಿ ಮುಟ್ಟಬೇಕಿತ್ತು.

ಆ ಕಾಲದಲ್ಲಿ ಮೊಲದ ಮೂಗು ಅಲ್ಲಾಡುತ್ತಿರಲಿಲ್ಲ. ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಹುಣಿಸೇಬೀಜ ಅಂಟಿಸಿದ ಹಾಗೆ ಮುಖದ ನಡುವೆ ಸುಮ್ಮನೆ ಕೂತಿರುತ್ತಿತ್ತು. ಅದರ ಕೆಳಗಿನ ಮೇಲ್ದುಟಿಯೂ ನಮ್ಮ ನಿಮ್ಮ ತುಟಿಯ ಹಾಗೆ ಒಂದೇ ತುಂಡಾಗಿತ್ತು.

ಆಗ ಒಂದು ತೊರೆಯ ಪಕ್ಕದಲ್ಲಿ ಚೌಡಕ್ಕ ಅಂತ ಒಬ್ಬ ಮುದುಕಿ ಇದ್ದಳು. ಲೋಕವೇ ಹೊಸದು, ಮುದುಕಿ ಎಲ್ಲಿಂದ ಬಂದಳು ಅಂತ ಕೇಳಬೇಡಿ. ಹುಟ್ಟಿದ ಕೂಸಿಗೆ ಎಣ್ಣೆ ಹಚ್ಚಿ ನೀರೆರೆಯೋದಕ್ಕೆ ಒಬ್ಬ ಮುದುಕಿ ಬೇಕೇ ಬೇಕಲ್ಲ. ಹಾಗಾಗಿ ಅವಳನ್ನು ಮುದುಕಿಯಾಗಿಯೇ ಮಾಡಿ ಕಳಿಸಿದ್ದರು.

ಚೌಡಕ್ಕನ ಕೆಲಸ ಅದೇ, ಕೂಸುಗಳಿಗೆ ಎರೆಯುವುದು. ಮನುಷ್ಯರ ಕೂಸಾಗಲಿ, ಜಿಂಕೆಯ ಮರಿಯಾಗಲಿ, ಆನೆಯ ಮರಿಯಾಗಲಿ, ಅವಳಿಗೆ ಎಲ್ಲಾ ಒಂದೇ. ಕಾಲು ಚಾಚಿ ಕೂರುತ್ತಿದ್ದಳು, ಮೊಣಕಾಲಿನ ಕೆಳಗೆ ಕೂಸನ್ನು ಮಲಗಿಸಿಕೊಳ್ಳುತ್ತಿದ್ದಳು. ಎಣ್ಣೆ ತಿಕ್ಕುತ್ತಿದ್ದಳು, ಬಿಸಿನೀರು ಎರೆಯುತ್ತಿದ್ದಳು, ಬೆರಳಿನಿಂದ ಮೂಗು ತೀಡಿ ನೆಟ್ಟಗೆ ಮಾಡುತ್ತಿದ್ದಳು. ಆನೆಯ ಮೂಗನ್ನು ತೀಡಲು ಹೋಗಿ ಏನಾಯಿತು ಅಂತ ನಿಮಗೆ ಗೊತ್ತೇ ಇದೆ.

ಕೊನೆಗೆ ಕೆಂಡದ ಮೇಲೆ ಸಾಂಬ್ರಾಣಿ ಉದುರಿಸಿ, ಬುಟ್ಟಿ ಕವುಚಿ, ಅದರ ಮೇಲೆ ಕೂಸಿನ ತಲೆ ಇಟ್ಟು ಹೊಗೆ ಹಾಕುತ್ತಿದ್ದಳು. ಕೂಸು ಬಾಯಿ ಬಿಟ್ಟು ಕಿರುಚುತ್ತಿತ್ತು. ಕಿರುಚಿ ಕಿರುಚಿ ಸುಸ್ತಾಗಿ ಮಲಗುತ್ತಿತ್ತು.

"ಅಳಲಿ ಬಿಡಿ, ಅತ್ತರೆ ಎದೆ ಬಿಚ್ಚಿಕೊಳ್ಳುತ್ತೆ," ಅನ್ನುತ್ತಿದ್ದಳು ಚೌಡಕ್ಕ. ಅವಳ ಕೈಗುಣದ ಮೇಲೆ ಊರಿಗೆ ಎಷ್ಟು ನಂಬಿಕೆಯೋ, ಅವಳಿಗೆ ಅದಕ್ಕಿಂತ ಒಂದು ಹಿಡಿ ಜಾಸ್ತಿ.

ಊರಿನ ಕೂಸುಗಳೆಲ್ಲ ಸಂಜೆಯಾದರೆ ತಾಯಂದಿರ ಹತ್ತಿರ ಹೋಗಿಬಿಡುತ್ತಿದ್ದವು. ಚೌಡಕ್ಕನ ಹತ್ತಿರ ಉಳಿಯುತ್ತಿದ್ದದ್ದು ಅರಳೆ ಒಬ್ಬಳೇ. ಅರಳೆ ಅಂದರೆ ಅವಳು ಸಾಕಿದ ಬಿಳಿ ಮೊಲ. ಅದು ತಾನಾಗಿಯೇ ಬಂದು ಅವಳ ಸೆರಗಿನೊಳಗೆ ಸೇರಿಕೊಂಡಿತ್ತು. ಅವಳೂ ಹೋಗು ಅನ್ನಲಿಲ್ಲ. ಬೆಳಗ್ಗೆ ತೊರೆಯ ದಂಡೆಯಿಂದ ಗರಿಕೆ ಕಿತ್ತು ತಂದು ಮುಂದೆ ಹಾಕಿದರೆ, ಅರಳೆ ಕುರುಕುರು ತಿನ್ನುವ ಸದ್ದು ಮನೆ ತುಂಬುತ್ತಿತ್ತು. ಆ ಸದ್ದು ಕೇಳಿದ ಮೇಲೇ ಚೌಡಕ್ಕ ತನ್ನ ಮುದ್ದೆ ಮುರಿಯುತ್ತಿದ್ದಳು.

ಒಂದು ಬೆಳಗ್ಗೆ ನೋಡುತ್ತಾಳೆ, ಅರಳೆಯ ಮುಂಗಾಲುಗಳು ಒದ್ದೆ. ಒಳಮಗ್ಗುಲ ಕೂದಲೆಲ್ಲ ಅಂಟಿಕೊಂಡು ಮುದ್ದೆಯಾಗಿದೆ.

"ಎಲ್ಲೇ ಹೋಗಿದ್ದೆ? ಇಬ್ಬನೀಲಿ ಆಡ್ಕೊಂಡು ಬಂದ್ಯಾ?" ಅಂದಳು.

"ಹೂಂ ಅಜ್ಜಿ," ಅಂದಿತು ಅರಳೆ.

ಸುಳ್ಳು. ಅದು ಹೊಸ್ತಿಲು ದಾಟಿರಲಿಲ್ಲ. ಮೂಗು ಸೋರುತ್ತಿತ್ತು, ಅದನ್ನು ಮುಂಗಾಲಿನಿಂದ ಒರೆಸಿ ಒರೆಸಿ ಕಾಲು ಒದ್ದೆಯಾಗಿತ್ತು. ಮೊಲದ ಜಾತಿಯೇ ಹಾಗೆ, ನೋವಿದೆ ಅಂತ ಬಾಯಿ ಬಿಟ್ಟು ಹೇಳುವುದಿಲ್ಲ. ಹೇಳಿದರೆ ಪೊದೆಯ ಹಿಂದಿನ ನರಿಗೂ ಕೇಳಿಸುತ್ತದೆ ಅಂತ ಭಯ. ಮನೆಯೊಳಗೆ ನರಿ ಎಲ್ಲಿಂದ ಬರಬೇಕು? ಆದರೆ ಭಯಕ್ಕೆ ಅದೆಲ್ಲ ಗೊತ್ತಾಗುವುದಿಲ್ಲ.

ಮಾರನೆಯ ಬೆಳಗ್ಗೆ ಅರಳೆ ಸೀನಿತು. ಮತ್ತೆ ಸೀನಿತು. ಅದರ ಉಸಿರಿನಲ್ಲಿ ಗೊರಗೊರ ಸದ್ದು. ಮುಂದೆ ಹಾಕಿದ ಗರಿಕೆ ಹಾಕಿದ ಹಾಗೇ ಬಿದ್ದಿತ್ತು. ಮನೆಯಲ್ಲಿ ಕುರುಕುರು ಇಲ್ಲ.

ಚೌಡಕ್ಕ ಗರಿಕೆ ಎತ್ತಿ ಅದರ ಬಾಯಿಯ ಹತ್ತಿರ ಹಿಡಿದಳು. ಮೊಲ ತಿನ್ನುವುದನ್ನು ಬಿಟ್ಟಿದ್ದನ್ನು ಅವಳು ಅವತ್ತಿನವರೆಗೆ ನೋಡಿಯೇ ಇರಲಿಲ್ಲ. ಹಾಗಂತ ಹೆದರಿ ಕೂರುವವಳೂ ಅಲ್ಲ.

"ಶೀತ ಆಗಿದೆ, ಅಷ್ಟೇ ತಾನೇ. ಇಂಥಾ ಶೀತ ಎಷ್ಟು ಓಡಿಸಿಲ್ಲ ನಾನು," ಅಂದುಕೊಂಡು ಹಂಡೆಗೆ ಬೆಂಕಿ ಹಾಕಿದಳು.

ಕಾಲು ಚಾಚಿ ಕೂತಳು. ಎಣ್ಣೆ ತಿಕ್ಕಿದಳು. ಬಿಸಿನೀರು ಎರೆದಳು. ಅರಳೆ ಗಡಗಡ ನಡುಗಿತು. ನಡುಗಲಿ ಬಿಡು ಅಂದುಕೊಂಡಳು. ಕೆಂಡದ ಮೇಲೆ ಸಾಂಬ್ರಾಣಿ ಹಾಕಿದಳು. ಕೂಸುಗಳಿಗಾದರೆ ತಲೆ ಮಾತ್ರ ಹೊಗೆಗೆ ಹಿಡಿಯುತ್ತಿದ್ದಳು. ಅರಳೆ ತೀರಾ ಚಿಕ್ಕದು, ಅದಕ್ಕೇ ಇಡಿಯಾಗಿ ಬುಟ್ಟಿಯೊಳಗೇ ಕೂರಿಸಿ, ಪಕ್ಕದಲ್ಲಿ ಕೆಂಡ ಇಟ್ಟು, ಮೇಲೊಂದು ಬಟ್ಟೆ ಮುಚ್ಚಿಬಿಟ್ಟಳು.

ಆಮೇಲೆ ಅಳು ಕೇಳಲು ಕಾದು ಕೂತಳು.

ಅಳು ಬರಲಿಲ್ಲ. ಕಿರುಚಾಟ ಇಲ್ಲ. ಗೊರಗೊರ ಕೂಡ ನಿಂತುಹೋಯಿತು. "ನೋಡು, ಎಷ್ಟು ಬೇಗ ವಾಸಿಯಾಯ್ತು," ಅನ್ನುತ್ತಾ ಚೌಡಕ್ಕ ಬಟ್ಟೆ ತೆಗೆದಳು.

ತೆಗೆದವಳೇ ಬುಟ್ಟಿಯ ಮೇಲೆ ಬಗ್ಗಿದಳು.

ಅರಳೆ ಒಂದು ಪಕ್ಕಕ್ಕೆ ವಾಲಿ ಬಿದ್ದಿತ್ತು. ಕಣ್ಣು ತೆರೆದೇ ಇತ್ತು. ಕಿವಿಯ ಕೆಂಪು ಹೋಗಿ ಬೂದಿಯ ಬಣ್ಣ ಬಂದಿತ್ತು. ಮೂಗಿನ ಹೊಳ್ಳೆ ಎರಡೂ ಕಟ್ಟಿಕೊಂಡಿದ್ದವು. ಬಾಯಿ ಮಾತ್ರ ಬಿಗಿಯಾಗಿ ಮುಚ್ಚಿತ್ತು.

"ಬಾಯಿ ಬಿಡೇ ಅರಳೆ, ಬಾಯಲ್ಲಿ ಉಸಿರು ತಗೊಳ್ಳೇ," ಅಂದಳು. ಅದರ ಗಲ್ಲ ಹಿಡಿದಳು. ತುಟಿ ಸರಿಸಿ ಬಾಯಿ ತೆರೆಸಿದಳು. ತೆರೆದ ಬಾಯೊಳಗೂ ಉಸಿರು ಹೋಗಲಿಲ್ಲ. ಮೂಗು ಕಟ್ಟಿದ ಯಾವ ಕೂಸೂ ಹೀಗೆ ಮಾಡಿದ್ದಿಲ್ಲ. ಇದೇನಿದು, ಇದೇನಾಗುತ್ತಿದೆ ಅಂತ ಅವಳಿಗೆ ತಿಳಿಯಲೇ ಇಲ್ಲ.

ಅರಳೆಯನ್ನು ಎತ್ತಿಕೊಂಡು ಅಂಗಳಕ್ಕೆ ಓಡಿದಳು. ಅಂಗಳದಲ್ಲಿ ಗಾಳಿ ನಿಂತಿದ್ದ. ಆಗ ಗಾಳಿಯೂ ಕೆಲಸಕ್ಕೆ ಹೊಸಬ. ಈಗಿನ ಹಾಗೆ ಎಲ್ಲಾ ಕಡೆ ಒಟ್ಟಿಗೆ ಇರುವುದು ಅವನಿಗೆ ಇನ್ನೂ ಬಂದಿರಲಿಲ್ಲ. ಒಬ್ಬೊಬ್ಬರ ಹತ್ತಿರವೂ ಹೋಗಿ, ಒಳಗೆ ಹೊಕ್ಕು, ಹೊರಗೆ ಬಂದು, ಮುಂದಿನವರ ಹತ್ತಿರ ಓಡಬೇಕಿತ್ತು.

"ಗಾಳಿಯಪ್ಪ, ಇವಳ ಬಾಯಿ ತೆಗೆದಿದೀನಿ, ಒಳಗೆ ಬಾ," ಅಂದಳು ಚೌಡಕ್ಕ.

ಗಾಳಿ ಅವಳ ಮುಖವನ್ನೇ ನೋಡಿದ. "ಚೌಡಕ್ಕ, ಅದು ನನ್ನ ಬಾಗಿಲಲ್ಲ."

"ಅಂದ್ರೆ?"

"ಎಲ್ಲರಿಗೂ ಉಸಿರಿನ ಬಾಗಿಲು ಹಂಚಿದ ದಿನ, ಒಂದು ಬೇಕಾ ಎರಡು ಬೇಕಾ ಅಂತ ಕೇಳಿದ್ದೆ. ನೀವೆಲ್ಲ ಮೂಗೂ ಇರಲಿ, ಬಾಯೂ ಇರಲಿ ಅಂದ್ರಿ. ಮೊಲ ಮಾತ್ರ ಹುಲ್ಲು ಅಗೀತಾ ಇತ್ತು. 'ನನ್ನ ಬಾಯಿಗೆ ತಿನ್ನೋದಕ್ಕೇ ಪುರುಸೊತ್ತಿಲ್ಲ, ಮೂಗೊಂದೇ ಸಾಕು' ಅಂತು. ಅದಕ್ಕೇ ಅರಳೆಗೆ ಇರೋದು ಒಂದೇ ಬಾಗಿಲು. ಅದನ್ನೇ ನೀನು ಹೊಗೆ ಹಾಕಿ ಮುಚ್ಚಿದೀಯ."

ಅರಳೆಯನ್ನು ಹಿಡಿದ ತನ್ನ ಕೈಗಳನ್ನೇ ಚೌಡಕ್ಕ ನೋಡಿದಳು. ತೊರೆ ಹರಿಯುವುದನ್ನು ಮರೆತು ನಿಂತಿತು. ಇಷ್ಟು ಕೂಸುಗಳನ್ನು ಉಳಿಸಿದ ಕೈ, ಅದೇ ಎಣ್ಣೆ, ಅದೇ ನೀರು, ಅದೇ ಹೊಗೆ. ಬೇರೆ ಯಾರೂ ಬಂದು ಕೊಲ್ಲಲಿಲ್ಲ. ನರಿಯೂ ಬರಲಿಲ್ಲ. ತಾನೇ ಬುಟ್ಟಿ ಮುಚ್ಚಿ ಪಕ್ಕದಲ್ಲಿ ಕೂತಿದ್ದಳು, ಅದೂ ಖುಷಿಯಿಂದ ಕೂತಿದ್ದಳು.

"ಹೋಗಿಬಿಟ್ಲಾ?" ಅಂತ ಕೇಳಿದಳು ಕೊನೆಗೆ.

"ಇನ್ನೂ ಇಲ್ಲ," ಅಂದ ಗಾಳಿ. "ಆದ್ರೆ ಮುಚ್ಚಿದ ಬಾಗಿಲ ಮುಂದೆ ನಾನು ನಿಲ್ಲೋ ಹಾಗಿಲ್ಲ. ಒಳಗೆ ಯಾರೋ ಇದಾರೆ ಅಂತ ಗುರುತು ಕಂಡ್ರೆ ಹೋಗ್ತೀನಿ. ಗುರುತು ಕಾಣದಿದ್ರೆ ಮುಂದಿನ ಮನೆಗೆ ಹೋಗಲೇಬೇಕು."

ಚೌಡಕ್ಕ ಅಲ್ಲೇ ನೆಲದ ಮೇಲೆ ಕಾಲು ಚಾಚಿ ಕೂತಳು. ಸೆರಗಿನ ತುದಿಯಿಂದ ಅರಳೆಯ ಮೂಗು ಒರೆಸಿದಳು. ಕಟ್ಟಿದ್ದು ಸಡಿಲವಾಗುವವರೆಗೆ ಒರೆಸಿದಳು. ಆಮೇಲೆ ಮೂಗು ತೀಡುವ ಅದೇ ಬೆರಳನ್ನು ಅದರ ತುಟಿಯ ಮೇಲೆ, ಮೂಗಿನ ಕೆಳಗೆ ಇಟ್ಟು, ಮೂಗನ್ನು ಮೆಲ್ಲಗೆ ಮೇಲೆ ಎತ್ತಿದಳು, ಕೆಳಗೆ ಇಳಿಸಿದಳು. ಮೇಲೆ, ಕೆಳಗೆ. ಮೇಲೆ, ಕೆಳಗೆ.

"ಇಲ್ಲಿದಾಳೆ ಗಾಳಿಯಪ್ಪ, ಒಳಗಿದಾಳೆ," ಅನ್ನುತ್ತಿದ್ದಳು. "ಇಲ್ಲಿದಾಳೆ, ಒಳಗಿದಾಳೆ."

ಗಾಳಿ ಬಗ್ಗಿ ನೋಡಿದ. ಬಾಗಿಲು ಅಲ್ಲಾಡುತ್ತಿತ್ತು. ದಾರದಷ್ಟು ಸಣ್ಣಗಾಗಿ ಒಳಗೆ ನುಗ್ಗಿದ, ಹೊರಗೆ ಬಂದ. ಅರಳೆಯ ಹೊಟ್ಟೆ ಒಮ್ಮೆ ಉಬ್ಬಿ ಇಳಿಯಿತು. ಚೌಡಕ್ಕ ಆಗ ಅತ್ತಳು. ಆದರೆ ಬೆರಳು ನಿಲ್ಲಿಸಲಿಲ್ಲ.

"ನಾನೇನಾದ್ರೂ ಮಾಡ್ಲಾ ಅಕ್ಕ?" ಅಂತು ತೊರೆ.

"ಮಾಡು ತಾಯಿ. ಆ ಕೆಂಡ ಆರಿಸು, ಮೊದಲು ಅದನ್ನ ಆರಿಸು."

ತೊರೆ ದಂಡೆ ಹತ್ತಿ ಬಂದು ಕೆಂಡ ಆರಿಸಿತು. ಹಂಡೆಯೊಳಗೆ ಹೋಗಿ ಕೂತು, ಅಲ್ಲಿ ಉಳಿದ ಬಿಸಿಗೆ ಹಬೆಯಾಗಿ ಎದ್ದು, ಅಂಗಳವನ್ನೆಲ್ಲ ತೇವ ಮಾಡಿತು. ಅರಳೆಗೆ ಬಿಸಿ ತಾಗಬಾರದು ಅಂತ ಹತ್ತಿರ ಬರಲಿಲ್ಲ, ದೂರದಲ್ಲೇ ನಿಂತಿತು. ಆ ತೇವಕ್ಕೆ ಅರಳೆಯ ಮೂಗಿನೊಳಗೆ ಒಣಗಿದ್ದೆಲ್ಲ ನೆನೆದು ಇಳಿಯಿತು. ಚೌಡಕ್ಕ ಅದನ್ನೂ ಒರೆಸಿದಳು. ಒಂದು ಕೈಯಲ್ಲಿ ಒದ್ದೆ ಮೈ ಒಣಗಿಸಿದಳು, ಸೆರಗು ಸುತ್ತಿದಳು, ಗರಿಕೆ ಹಿಂಡಿ ಅದರ ರಸವನ್ನು ಬಾಯಿಯ ಪಕ್ಕದಿಂದ ಹನಿ ಹನಿಯಾಗಿ ಬಿಟ್ಟಳು. ಇನ್ನೊಂದು ಕೈಯ ಬೆರಳು ಮಾತ್ರ ಮೇಲೆ, ಕೆಳಗೆ. ಮೇಲೆ, ಕೆಳಗೆ.

ಊರಿನ ತಾಯಂದಿರು ಕೂಸುಗಳನ್ನು ಎತ್ತಿಕೊಂಡು ಬಂದರು, ಎರೆಯುವವಳು ಏಳದೆ ಕೂತಿದ್ದನ್ನು ನೋಡಿ ಗಾಬರಿಯಾದರು. ಚೌಡಕ್ಕ ತಲೆ ಎತ್ತಲಿಲ್ಲ.

"ಇವತ್ತು ನಿಮ್ಮ ಕೂಸಿಗೆ ನೀವೇ ನೀರು ಹಾಕ್ಕೊಳ್ಳಿ," ಅಂದಳು. "ನನ್ನ ಕೈ ಖಾಲಿ ಇಲ್ಲ."

ಹೊತ್ತು ಇಳಿಯುತ್ತಾ ಬಂತು. ಬೆರಳು ಮರಗಟ್ಟಿತು, ಭುಜ ಸೋತುಹೋಯಿತು. ಒಂದು ಗಳಿಗೆ ಕಣ್ಣು ಮುಚ್ಚಿತು, ಬೆರಳು ಜಾರಿತು.

ಚೌಡಕ್ಕ ಬೆಚ್ಚಿಬಿದ್ದು ಎದ್ದಳು. ಹೋಯಿತು, ಎಲ್ಲಾ ಹೋಯಿತು ಅಂದುಕೊಂಡು ಅರಳೆಯ ಮುಖ ನೋಡಿದಳು.

ಮೂಗು ಅಲ್ಲಾಡುತ್ತಿತ್ತು. ಯಾರೂ ಮುಟ್ಟಿರಲಿಲ್ಲ. ಮೇಲೆ, ಕೆಳಗೆ. ಮೇಲೆ, ಕೆಳಗೆ. ತಾನಾಗಿಯೇ.

"ಅಜ್ಜಿ," ಅಂತು ಅರಳೆ, ತುಂಬ ಮೆಲ್ಲಗೆ. "ನಿನ್ನೆ ನಾನು ಇಬ್ಬನೀಲಿ ಆಡಿರಲಿಲ್ಲ."

"ಗೊತ್ತಾಯ್ತು ಬಿಡು."

"ನಿನಗೆ ಹೇಳಬೇಕಿತ್ತು."

"ನೀನು ಹೇಳಲ್ಲ. ನಿಮ್ಮ ಜಾತಿಗೇ ಅದು ಬರಲ್ಲ," ಅಂದಳು ಚೌಡಕ್ಕ. "ನಾನೇ ನೋಡ್ಕೋಬೇಕಿತ್ತು. ಕಾಲು ಒದ್ದೆ ಇತ್ತು, ನೋಡಿದೆ, ನೋಡಿಯೂ ನೋಡಲಿಲ್ಲ."

ಆಗಲೇ ಅವಳಿಗೆ ಇನ್ನೊಂದು ಕಂಡಿತು. ಲೋಕ ಹಸಿಯಾಗಿದ್ದ ಕಾಲ ಅಂದೆನಲ್ಲ. ಬೆಳಗ್ಗೆಯಿಂದ ಬೆರಳಿಟ್ಟಿದ್ದ ಜಾಗದಲ್ಲಿ, ಮೂಗಿನಿಂದ ಬಾಯಿಯವರೆಗೆ, ತುಟಿ ಎರಡು ಸೀಳಾಗಿತ್ತು. ಚೌಡಕ್ಕ ಮತ್ತೆ ಹೌಹಾರಿದಳು. ಸರಿ ಮಾಡಲು ತೀಡಿದಳು, ಕೂಡಿಸಿ ಹಿಡಿದಳು. ಅದು ಕೂಡಲಿಲ್ಲ.

"ಅಯ್ಯೋ, ನಿನ್ನ ಮುಖ ಕೆಡಿಸಿಬಿಟ್ಟೆ," ಅಂದಳು.

ಅರಳೆಯ ಬಾಯಿಗೆ ಪುರುಸೊತ್ತಿರಲಿಲ್ಲ. ಪಕ್ಕದಲ್ಲಿ ಬಿದ್ದಿದ್ದ ಗರಿಕೆಯ ಒಂದು ಎಸಳನ್ನು ಹೇಗೋ ಎಳೆದುಕೊಂಡಿತ್ತು. ಅಂಗಳದಲ್ಲಿ ಕುರುಕುರು ಸದ್ದು ಕೇಳಿಸಿತು. ಚೌಡಕ್ಕ ಬೆಳಗ್ಗೆಯ ತಣ್ಣನೆಯ ಮುದ್ದೆ ತಂದುಕೊಂಡು ಅಲ್ಲೇ ಕೂತು ತಿಂದಳು.

ಆಮೇಲೆ ಲೋಕ ಒಣಗಿತು, ಬೆಟ್ಟ ಗಟ್ಟಿಯಾಯಿತು, ಗಾಳಿ ಕೆಲಸ ಕಲಿತು ಎಲ್ಲಾ ಕಡೆಯೂ ಇರುವವನಾದ. ಆದರೂ ಮೊಲ ಅವನನ್ನು ಪೂರ್ತಿ ನಂಬುವುದಿಲ್ಲ. ನೀವು ಸಾಕಿದ ಮೊಲದ ಮುಂದೆ ಹೊಗೆ ಹಾಕಬೇಡಿ, ಅದಕ್ಕೆ ಸ್ನಾನ ಬೇಡ, ದಿನಾ ಅದರ ಮುಂಗಾಲು ಒದ್ದೆಯಾ ಅಂತ ಮುಟ್ಟಿ ನೋಡಿ. ಅದು ನಿಮಗೆ ಹೇಳುವುದಿಲ್ಲ.

ಅದರ ಮೂಗು ಮೇಲೆ ಕೆಳಗೆ, ಮೇಲೆ ಕೆಳಗೆ ಆಡುತ್ತಲೇ ಇರುತ್ತದಲ್ಲ, ಅದು ಇವತ್ತಿಗೂ ಗಾಳಿಗೆ 'ಇಲ್ಲಿದೀನಿ, ಒಳಗಿದೀನಿ' ಅನ್ನುತ್ತಿದೆ. ಅದರ ಕೆಳಗೆ ಸೀಳಿದ ತುಟಿ ಕಾಣುತ್ತದಲ್ಲ, ಅಲ್ಲೇ ಚೌಡಕ್ಕ ಅವತ್ತು ಇಡೀ ಹಗಲು ಬೆರಳು ತೆಗೆಯದೆ ಕೂತಿದ್ದಳು.