ಕಡೇ ಮಾತು ಯಾರದು?

ಹತ್ತಿರ ಬನ್ನಿ ಮಕ್ಕಳೇ, ಕಾಲು ಮಡಚಿ ಕೂತುಕೊಳ್ಳಿ. ಹೊಳೆಸಿರಿ ಅಂತ ಒಂದು ರಾಜ್ಯ. ಅದಕ್ಕೊಬ್ಬ ದೊರೆ, ಇಂದುಶೇಖರ ಅಂತ ಹೆಸರು. ಕೆಟ್ಟವನಲ್ಲ. ಆದರೆ ಅವನ ಮನಸ್ಸಿಗೆ ಬಂದದ್ದೇ ಅಪ್ಪಣೆ, ಅಪ್ಪಣೆಯೇ ಕಾನೂನು.

ಒಂದು ದಿನ ದೊರೆಗೆ ಹಲ್ಲುನೋವು ಬಂತು. ರಾಜ್ಯದಲ್ಲಿ ಯಾರೂ ಚಕ್ಕುಲಿ ಕಡಿಯಕೂಡದು ಅಂತ ಡಂಗುರ ಹೊಡೆಸಿದ. ಇನ್ನೊಂದು ದಿನ ಹುಂಜ ಕೂಗಿ ನಿದ್ದೆ ಕೆಟ್ಟಿತು. ಹುಂಜಗಳನ್ನೆಲ್ಲ ಗಡಿಯಾಚೆ ಅಟ್ಟಿಸಿದ. ಮತ್ತೊಂದು ದಿನ ಅವನ ಮುದಿ ಕುದುರೆಯನ್ನು ಒಬ್ಬ ದಾರಿಹೋಕ ನಡೆದುಕೊಂಡೇ ಹಿಂದೆ ಹಾಕಿದ. ಅವನನ್ನು ಸೆರೆಮನೆಗೆ ತಳ್ಳಿಸಿದ. ಹಾಗೆ ಸೆರೆ ಸೇರಿದವನು ಗುತ್ಯಪ್ಪ, ಅಂಬಿಗರ ನಾಗಿಂದವ್ವನ ಗಂಡ.

ನಾಗಿಂದವ್ವ ಹೊಳೆಯಲ್ಲಿ ದೋಣಿ ನಡೆಸುತ್ತಿದ್ದಳು. ಬಾಯಿ ಜೋರು, ಕರುಳು ಮೆತ್ತಗೆ. ಅವಳು ದಳವಾಯಿ ಉದ್ದಂಡಯ್ಯನ ಹತ್ತಿರ ಹೋದಳು. ಸೇನೆಗೆಲ್ಲ ಅವನೇ ಯಜಮಾನ, ಸೆರೆಮನೆಯ ಬೀಗದ ಕೈಯೂ ಅವನ ಸೊಂಟದಲ್ಲೇ. ನನ್ನ ಗಂಡ ಮಾಡಿದ ತಪ್ಪೇನು ಅಂತ ಕೇಳಿದಳು. ತಪ್ಪು ಇದ್ದರೇನು, ಇಲ್ಲದಿದ್ದರೇನು, ಅಪ್ಪಣೆ ಆಗಿದೆ ಅಂದ ಅವನು. ಅವಳು ಅಳುತ್ತ ದೋಣಿಗೆ ಮರಳಿದಳು.

ದೊರೆಗೆ ಮುಪ್ಪು ಬಂತು. ಮಕ್ಕಳಿರಲಿಲ್ಲ. ಕಾಶಿಗೆ ಹೊರಡುವ ದಿನ ಜನರನ್ನೆಲ್ಲ ಕರೆಸಿದ. "ನನ್ನ ಮನಸ್ಸಿನ ಹಿಂದೆ ನಿಮ್ಮನ್ನು ಬಹಳ ಓಡಿಸಿದೆ. ಇನ್ನೊಬ್ಬ ದೊರೆಯನ್ನು ಹುಡುಕಬೇಡಿ. ನೀವೇ ಕೂತು ಒಂದು ಕಟ್ಟಳೆ ಮಾಡಿಕೊಳ್ಳಿ" ಅಂದ. ದೊರೆತನದ ಗುರುತಾದ ತನ್ನ ಬೆಳ್ಳಿಕಟ್ಟಿನ ಬೆತ್ತವನ್ನು ಚಾವಡಿಯಲ್ಲಿಟ್ಟು ಹೊರಟುಹೋದ. ಸೆರೆಯಲ್ಲಿದ್ದವರ ನೆನಪು ಮಾತ್ರ ಅವನಿಗೆ ಬರಲೇ ಇಲ್ಲ.

ಹೊಳೆದಂಡೆಯಲ್ಲಿ ಜನ ಸೇರಿದರು. ನೇಕಾರರು, ಕುರುಬರು, ಬೆಸ್ತರು, ಸೆಟ್ಟರು, ಗುಡ್ಡದ ಮೇಲೆ ಜೇನು ಕೀಳುವವರು, ಕೂಸು ಕಟ್ಟಿಕೊಂಡ ಹೆಂಗಸರು, ಎಲ್ಲರೂ ಬಂದರು.

ಮೊದಲ ದಿನ, ಮುಂದೆ ಯಾರು ಕೂರಬೇಕು ಅಂತ ಜಗಳ. ದೋಣಿ ಮುಳುಗಿದರೆ ಮುಂದೆ ಕೂತವನು ನೆನೆಯದೆ ಮನೆಗೆ ಹೋಗುತ್ತಾನಾ ಅಂತ ನಾಗಿಂದವ್ವ ಕೇಳಿದಳು. ಜನ ನಕ್ಕು, ದುಂಡಗೆ ಕೂತರು. ಯಾರೂ ಮೇಲಲ್ಲ, ಯಾರೂ ಕೀಳಲ್ಲ ಅಂತ ಕಟ್ಟಳೆಯಲ್ಲಿ ಬರೆದರು.

ಎರಡನೆಯ ದಿನ, ಯಾವ ದೇವರ ಹೆಸರಲ್ಲಿ ಶುರು ಮಾಡುವುದು ಅಂತ ಜಗಳ. ಮುದಿ ನೇಕಾರನೊಬ್ಬ ಎದ್ದು, ಅವರವರ ದೇವರಿಗೆ ಅವರವರು ಕೈಮುಗಿಯಲಿ, ಕಟ್ಟಳೆ ಮಾತ್ರ ಎಲ್ಲರಿಗೂ ಒಂದೇ ಇರಲಿ ಅಂದ. ಅದನ್ನೂ ಬರೆದರು.

ಮೂರನೆಯ ದಿನ ನಾಗಿಂದವ್ವ ಎದ್ದು ನಿಂತಳು. ತಪ್ಪೇನೆಂದು ಹೇಳದೆ, ಅವರ ಮಾತು ಕೇಳದೆ ಯಾರನ್ನೂ ಸೆರೆಗೆ ಹಾಕಕೂಡದು ಅಂದಳು. ಅದನ್ನೂ ಬರೆದರು. ಬೆತ್ತ ಹಿಡಿಯುವವರನ್ನು ಜನವೇ ಗಡಿಗೆಗೆ ಕಲ್ಲು ಹಾಕಿ ಆರಿಸಬೇಕು, ಸೆಟ್ಟಿಗೂ ಒಂದೇ ಕಲ್ಲು, ಕೂಲಿಯವನಿಗೂ ಒಂದೇ ಕಲ್ಲು, ಕಲ್ಲು ಹಾಕುವ ಗಡಿಗೆಗಳು ಕಂಬಳಿಯ ಮರೆಯಲ್ಲಿರಬೇಕು ಅಂತಲೂ ಬರೆದರು.

ಅಷ್ಟರಲ್ಲಿ ಉದ್ದಂಡಯ್ಯ ದಂಡು ಕಟ್ಟಿಕೊಂಡು ಬಂದ. ಕಟ್ಟಳೆ ಓದಿಸಿ ಕೇಳಿದ. ಕಲ್ಲಿನ ಮಾತಿಗೆ ನಕ್ಕ. ನನ್ನ ಎದುರು ನಿಲ್ಲುವವರು ಯಾರಿದ್ದಾರೆ ಅಂದುಕೊಂಡ.

"ಇನ್ನೊಂದು ಸಾಲು ಸೇರಿಸಿ. ಬೆತ್ತ ಹಿಡಿದವರ ಮಾತೇ ಕಡೇ ಮಾತು. ಸೇರಿಸದಿದ್ದರೆ ಒಬ್ಬರೂ ಮನೆಗೆ ಹೋಗುವ ಹಾಗಿಲ್ಲ."

ಜನ ಬೆದರಿದರು. ನಾಗಿಂದವ್ವ ಮಾತ್ರ, "ಬರೆಯೋಣ ಬುದ್ಧಿ. ಆದರೆ ಕಟ್ಟಳೆಗೆ ನಾನೂ ತಲೆಬಾಗುತ್ತೀನಿ ಅಂತ ತಾವು ಹೊಳೆನೀರು ಹಿಡಿದು ಆಣೆ ಮಾಡಬೇಕು" ಅಂದಳು. ಇವಳಿಗೆ ತಲೆ ಕೆಟ್ಟಿದೆಯೇ ಅಂತ ಜನ ಮುಖ ಮುಖ ನೋಡಿಕೊಂಡರು. ಉದ್ದಂಡಯ್ಯ ಹಿಗ್ಗಿ ಹೀರೇಕಾಯಾಗಿ ಆಣೆ ಮಾಡಿದ. ದಂಡಿನವರ ಕೈಯಲ್ಲೂ ಮಾಡಿಸಿದ. ಆ ಸಾಲನ್ನೂ ಬರೆದರು.

ಆಮೇಲೆ ಅವಳು, ಉದ್ದಂಡಯ್ಯನ ಗಡಿಗೆಯ ಎದುರಿಗೆ ನನ್ನ ಗಡಿಗೆಯನ್ನೂ ಇಡಿ ಅಂದಳು.

ಕಂಬಳಿಯ ಮರೆಗೆ ಒಬ್ಬೊಬ್ಬರೇ ಹೋದರು. ಬಂದರು. ದಂಡಿನವರೂ ಹೋದರು. ಬಂದರು. ಯಾರು ಯಾವ ಗಡಿಗೆಗೆ ಹಾಕಿದರೋ ಶಿವನಿಗೇ ಗೊತ್ತು. ಕಂಬಳಿ ಸರಿಸಿದರೆ ಉದ್ದಂಡಯ್ಯನ ಗಡಿಗೆಯಲ್ಲಿ ಒಂದೇ ಒಂದು ಕಲ್ಲು, ಅವನದೇ! ನಾಗಿಂದವ್ವನ ಗಡಿಗೆ ತುಂಬಿ ತುಳುಕಿತ್ತು.

ಬೆತ್ತ ಅವಳ ಕೈಗೆ ಬಂತು. ಆಗ ಜನರಿಗೆ ಒಳಗೊಳಗೇ ಅಳುಕು ಹುಟ್ಟಿತು. ಈಗ ಇವಳ ಮಾತೇ ಕಡೇ ಮಾತಲ್ಲವೇ? ಇವಳಿಗೂ ಹಲ್ಲುನೋವು ಬಂದರೆ?

ನಾಗಿಂದವ್ವ ಬೆತ್ತ ಎತ್ತಿ ಹಿಡಿದಳು. "ನನ್ನ ಕಡೇ ಮಾತು ಕೇಳಿ. ಇನ್ನು ಮೇಲೆ ಯಾರೊಬ್ಬರ ಮಾತೂ ಕಡೇ ಮಾತಲ್ಲ. ಬೆತ್ತ ಹಿಡಿದವರಿಗೂ ಕಟ್ಟಳೆಯೇ ದೊಡ್ಡದು. ನನಗೂ ಅಷ್ಟೇ."

ಆಗ ಎದ್ದಿತು ನೋಡಿ ಗದ್ದಲ! ಕುರುಬರು ಡೊಳ್ಳು ಬಡಿದರು, ಹೆಂಗಸರು ಹಾಡು ಕಟ್ಟಿದರು. ಉದ್ದಂಡಯ್ಯ ಕತ್ತಿಗೆ ಕೈ ಹಾಕಿದ. ಆಣೆ ಮಾಡಿದ ದಂಡಿನವರು ಅವನ ಕೈ ಹಿಡಿದರು.

ಕಟ್ಟಳೆಯಂತೆ ಸೆರೆಮನೆಯ ಬಾಗಿಲು ತೆರೆಯಿತು. ಗುತ್ಯಪ್ಪ ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಹೊರಗೆ ಬಂದ. ಅಷ್ಟು ಬಿರುಸಾಗಿ ನಡೆಯಬೇಡ ಅಂತ ಎಷ್ಟು ಸಲ ಹೇಳಿದ್ದೆ ಅಂತ ನಾಗಿಂದವ್ವ ಅವನನ್ನು ಬೈದಳು. ಬೈಯುತ್ತ ಬೈಯುತ್ತ ಅತ್ತುಬಿಟ್ಟಳು. ಜನರೂ ನಗುತ್ತ ಕಣ್ಣೊರೆಸಿಕೊಂಡರು.

ಖಾಲಿಯಾದ ಸೆರೆಮನೆ ನೋಡಿ ಜನ, ಉದ್ದಂಡಯ್ಯನನ್ನು ಈಗಲೇ ಅಲ್ಲಿಗೆ ತಳ್ಳಿ ಅಂತ ಕೂಗಿದರು. ನಾಗಿಂದವ್ವ ಬಾಗಿಲಿಗೆ ಅಡ್ಡ ನಿಂತಳು.

"ಅವನ ಮಾತು ಯಾರು ಕೇಳಿದ್ದೀರಿ?"

ಯಾರೂ ಕೇಳಿರಲಿಲ್ಲ. ಮರುದಿನ ಬೆಳಗ್ಗೆ ಬಯಲಿನಲ್ಲಿ, ಎಲ್ಲರ ಎದುರು ವಿಚಾರಣೆ ಆಯಿತು. ಅಧಿಕಾರ ಹೋದರೆ ನಾಯಿಯೂ ನನ್ನನ್ನು ಮೂಸುವುದಿಲ್ಲ ಅಂತ ಹೆದರಿದೆ ಅಂತ ಉದ್ದಂಡಯ್ಯ ತಲೆತಗ್ಗಿಸಿ ಒಪ್ಪಿಕೊಂಡ. ಜನ ಆರಿಸಿ ಕೂರಿಸಿದ ಪಂಚರು ಅವನ ದಳವಾಯಿಗಿರಿ ಕಿತ್ತುಕೊಂಡರು. ಒಂದು ಬೇಸಿಗೆ ಪೂರ್ತಿ ಹೊಳೆಗೆ ಮೆಟ್ಟಿಲು ಕಟ್ಟುವ ಕೆಲಸ ಕೊಟ್ಟರು. ತಾನು ಬೇಡವೆಂದಿದ್ದ ಕಟ್ಟಳೆಯೇ ಆ ದಿನ ತನ್ನನ್ನು ಕಾಯಿತು ಅಂತ ಅವನು ಕಲ್ಲು ಹೊರುತ್ತ ಸಿಕ್ಕಿದವರಿಗೆಲ್ಲ ಹೇಳುತ್ತಿದ್ದನಂತೆ.

ನೀತಿ ಇಷ್ಟೇ ಮಕ್ಕಳೇ: ಆಳುವವರು ಎಷ್ಟೇ ದೊಡ್ಡವರಿರಲಿ, ಎಲ್ಲರೂ ಸೇರಿ ಮಾಡಿದ ಕಟ್ಟಳೆ ಅವರಿಗಿಂತ ದೊಡ್ಡದು. ಅದು ನಮಗೆ ಬೇಕಾದವರನ್ನೂ ಕಾಯಬೇಕು, ಬೇಡವಾದವರನ್ನೂ ಕಾಯಬೇಕು.